ಹೊಸ ಪೇಟಿ (ಹಾರ್ಮೋನಿಯಂ) ಕೂಗಿದ್ರ ಮೊದಲು ಶ್ರುತಿಗೆ ಕೈ ಹಾಕಬ್ಯಾಡ್ರಿ

ಮಸ್ಕಿ ಅಣ್ಣಾರ, ಭಜನಾ ಮಂಡಳಿಗೆ ಹೊಸ ಪೇಟಿ ತಂದು ಎರಡು ತಿಂಗಳಾಗಿಲ್ಲ, ಮೂರು ಮನಿ (ಬೆರಳಿಲೆ ಒತ್ತೋ ಪಟ್ಟಿ) ಒತ್ತದನ ಕೂಗ್ತಾವು, ಗಾಳಿ ನಿಲ್ಲಂಗಿಲ್ಲ, ಮೊಬೈಲ್ ಟ್ಯೂನರ್‌ನಾಗ ನಡುವಿನ ಬಿಳಿ ಆರು (ಆರನೇ ಬಿಳಿ ಮನಿ) 440 ಹರ್ಟ್ಸ್‌ಗೆ ಕೂಡ್ರವಲ್ದು, ಶ್ರುತಿ ಮಾಡಿಸಲೇನು ಅಂತ ಕೇಳೀರಿ. ಶ್ರುತಿ ಕಡೀಗೆ. ಗಾಳಿ ಸೋರೋ ಪೇಟಿಯೊಳಗ ಒತ್ತಡ ಏರಿಳಿದಂಗ ಸ್ವರಾನೂ ಅಲುಗಾಡ್ತೈತಿ, ಅದನ್ನ ನಂಬಿ ರೀಡ್ (ಸ್ವರ ಹೊರಡಿಸೋ ಹಿತ್ತಾಳಿ ನಾಲಿಗಿ) ಕೆರದ್ರ ಕೆಟ್ರಿ.

ಬಿಚ್ಚೋಕಿಂತ ಮೊದಲು ಕೂಗೂದನ್ನ ವಿಡಿಯೋ ಮಾಡಿ, ಬಿಲ್ಲಿನ ಜೋಡಿ ಅಂಗಡಿಯವರಿಗೆ ಕಳಸ್ರಿ. ಸ್ಕ್ರೂ ತಿರುವಿದ ಮ್ಯಾಲ "ನೀವ ಕೆಡಿಸೀರಿ" ಅಂತಾರ. ನನಗ ಒಮ್ಮೆ ಹಂಗ ಆಗೈತಿ.

ಅವರು ಕೈ ಎತ್ತಿದ್ರ, ಸ್ಟಾಪರ್ (ರೀಡಿಗೆ ಗಾಳಿ ಬಿಡೋ ಮುಂದಿನ ಗುಬ್ಬಿ) ಎಲ್ಲಾ ಮುಚ್ಚಿ ತಿದಿ ಒತ್ತಿ ಗಾಳಿ ತುಂಬ್ರಿ. ಊದಿನಕಡ್ಡಿ ಹಚ್ಚಿ ತಿದಿಯ ಮಡಿಕಿ, ಮೂಲಿ, ಹಲಗಿ ಕೂಡಿದ ಗೆರಿ ಗುಂಟ ಸಾವಕಾಶ ಒಯ್ರಿ, ಕಿಡಿ ಮಾತ್ರ ತಾಗಬಾರದು. ಎಲ್ಲಿ ಹೊಗಿ ಪಕ್ಕಕ್ಕ ಹಾರ್ತೈತೋ ಅಲ್ಲೇ ಸೋರಿಕಿ. ಸಣ್ಣದಿದ್ರ ತೆಳ್ಳನ ತೊಗಲು, ಫೆವಿಕಾಲ್ ಸಾಕು.

ಕೂಗೋ ಮನಿಗೆ ಬಹಳ ಮಂದಿ ಸ್ಪ್ರಿಂಗ್ ಬಿಗಿ ಮಾಡಿ ಕೊಡ್ತಾರ. ಅವತ್ತು ಬಾಯಿ ಮುಚ್ಚತೈತಿ, ಆದ್ರ ಮನಿ ಕಲ್ಲಾಗಿ ಬೆರಳು ಸೋಲ್ತಾವು. ಹ್ವಾದ ವರ್ಷ ನನ್ನ ಹಂತ್ಯಾಕ ಬಂದ ಒಂದು ಹೊಸ ಪೇಟಿಯಾಗ ಮನಿ ಎತ್ತಿ ನೋಡಿದ್ರ, ಕೆಳಗಿನ ತೊಗಲಿಗೆ ಜ್ವಾಳದ ಕಾಳಿನಷ್ಟು ಒಣ ಅಂಟು, ಅದಕ್ಕ ಮೆತ್ತಿಕೊಂಡ ಕಟಗಿ ಹೊಟ್ಟು. ಕೆರದು ತಗದೆ, ಮುಗೀತು. ಏನೂ ಕಾಣಲಿಲ್ಲಂದ್ರ ಬಸ್ ಟಿಕೆಟ್ ಸೀಳಿ ತೊಗಲಿನ ಕೆಳಗ ಇಟ್ಟು ಮನಿ ಬಿಡ್ರಿ, ನಾಕೂ ಕಡಿಯಿಂದ ಎಳೀರಿ. ಎಲ್ಲಿ ಸಡಿಲ ಬರ್ತೈತೋ ಅಲ್ಲಿ ಕೂತಿಲ್ಲ. ಹಸಿ ಕಟಗಿ ನಮ್ಮ ಕಡಿ ಬ್ಯಾಸಗಿಗೆ ಸೊಟ್ಟಾಗಿರ್ತೈತಿ, ಆ ತೊಗಲು ಬದಲಿಸಬೇಕು.

ಪಾಲಿತಾಣದ ರೀಡ್ ಅಂತ ಹೇಳಿ ಕೊಟ್ಟಾರಂದ್ರಿ. ಗುಜರಾತಿನ ಆ ಊರಿನ ರೀಡಿಗೆ ಹೆಸರೈತಿ ಖರೆ, ಆದ್ರ ರೀಡ್ ಕೂಡ್ರಿಸಿದ ಹಲಗಿ ಸೀಳಿದ್ರ ರೀಡ್ ಏನ್ ಮಾಡೀತು? ಹಲಗಿ ಸೀಳಿತ್ತಂದ್ರ ರೊಕ್ಕ ಸುರೀಬ್ಯಾಡ್ರಿ, ಜಗಳಾಡಿ ವಾಪಸ್ ಕೊಡ್ರಿ.

ಶ್ರುತಿಗೆ ಒಂದು ಬ್ಯಾಸಗಿ ಕಾಯ್ರಿ. ಹಿತ್ತಾಳಿ ನಾಲಿಗಿ ತುದಿ ಕೆರದ್ರ ಸ್ವರ ಏರ್ತೈತಿ, ಬುಡ ಕೆರದ್ರ ಇಳೀತೈತಿ. ಕೆರದ ಹಿತ್ತಾಳಿ ತಿರುಗಿ ಬರಂಗಿಲ್ಲ, ತೆಳ್ಳನ ರೀಡ್ ಮುರದ ಹೋಗ್ತಾವು.

ಕೊಪ್ಪಳಕ್ಕ ಬಂದ್ರ ತರ್ರಿ, ನೋಡೂಣು. ಬಸ್ಸಿನ ಡಿಕ್ಕಿಯೊಳಗ ಮಾತ್ರ ಹಾಕಬ್ಯಾಡ್ರಿ, ತೊಡಿ ಮ್ಯಾಲ ಇಟ್ಕೊಂಡು ಬರ್ರಿ.