ಟ್ಯೂಬ್ ಪೆಡಲ್ ಕೊಳ್ಳುವ ಮೊದಲು ಅದರ ಅಡಾಪ್ಟರ್ ನೋಡಿ

ಗಿಟಾರಿನ ನಾದವನ್ನು ಗಾಜಿನ ಟ್ಯೂಬಿನ (ವಾಲ್ವ್) ಮೂಲಕ ಹಾಯಿಸಿ ಗಡುಸಾಗಿಸುವ ಪೆಡಲ್‌ಗಳಾದ ಬ್ಲ್ಯಾಕ್‌ಸ್ಟಾರ್ ಎಚ್‌ಟಿ-ಡ್ಯುಯಲ್, ಬಟ್ಲರ್ ಟ್ಯೂಬ್ ಡ್ರೈವರ್ ಇವೆರಡರಲ್ಲಿ ಯಾವುದಕ್ಕೆ ಗೇನ್, ಅಂದರೆ ಸಿಗ್ನಲನ್ನು ಹಿಗ್ಗಿಸುವ ಶಕ್ತಿ, ಹೆಚ್ಚು ಎಂದು ಕೇಳಿದ್ದೀರಿ. ಆರು ವರ್ಷಗಳ ಹಿಂದೆ ನಾನೂ ಇದೇ ಲೆಕ್ಕಾಚಾರದಲ್ಲಿದ್ದೆ. ಕೊನೆಗೆ ಇವೆರಡನ್ನೂ ಬಿಟ್ಟು, ಕಿಂಡಿಯೊಳಗೆ ಟ್ಯೂಬ್ ಹೊಳೆಯುವ ಬೇರೊಂದು ಪೆಡಲ್ ತರಿಸಿದೆ. ಅದರೊಂದಿಗೆ ಬಂದಿದ್ದ ದಪ್ಪ ಅಡಾಪ್ಟರ್ ಜಾಗ ತಿನ್ನುತ್ತದೆಂದು ಪೆಟ್ಟಿಗೆಯಲ್ಲೇ ಬಿಟ್ಟು, ಪೆಡಲ್‌ಗಳನ್ನೆಲ್ಲ ಕೂರಿಸುವ ಪೆಡಲ್‌ಬೋರ್ಡಿನ ಪವರ್ ಸಪ್ಲೈಗೆ ಜೋಡಿಸಿದ್ದೇ ನಾನು ಮಾಡಿದ ತಪ್ಪು.

ಇದನ್ನು ಬಿಡಿಸಿಯೇ ಹೇಳಬೇಕು. ಅದರಲ್ಲಿದ್ದ 12ಎಎಕ್ಸ್7 ಟ್ಯೂಬಿನ ಹೀಟರ್ (ಟ್ಯೂಬನ್ನು ಒಳಗಿನಿಂದ ಬಿಸಿ ಮಾಡುವ ತಂತಿ) ಒಂದಕ್ಕೇ 12.6 ವೋಲ್ಟ್‌ನಲ್ಲಿ 150 ಮಿಲಿಆಂಪಿಯರ್ ಬೇಕು, 6.3 ವೋಲ್ಟ್‌ಗೆ ಜೋಡಿಸಿದರೆ 300. ನನ್ನ ಸಪ್ಲೈ ಕೊಡುತ್ತಿದ್ದುದು 100. ವೋಲ್ಟೇಜ್ ಕುಸಿದು ಹೀಟರ್ ಸರಿಯಾಗಿ ಕಾಯುತ್ತಲೇ ಇರಲಿಲ್ಲ. ಆದರೂ ಟ್ಯೂಬ್ ಕೆಂಪಗೆ ಕಾಣುತ್ತಿತ್ತು, ಏಕೆಂದರೆ ಅದರ ಹಿಂದೆ ಒಂದು ಎಲ್‌ಇಡಿ ಕೂರಿಸಿದ್ದರು. ಇಂತಹ ಪೆಡಲ್‌ಗಳಲ್ಲಿ ಈ ಅಲಂಕಾರ ಮಾಮೂಲು. ಗಿಟಾರಿನಲ್ಲಿ ಪವರ್ ಕಾರ್ಡ್ (ಎರಡು ಸ್ವರಗಳ ಗಟ್ಟಿ ಜೋಡಿ) ಹೊಡೆದರೆ ಮೊದಲ ಪೆಟ್ಟು ಚೆನ್ನಾಗಿ ಬಂದು, ಬಳಿಕ ಕಾಗದ ಹರಿದಂತೆ ಕರಕರ ಎಂದು ಅಡಗಿಹೋಗುತ್ತಿತ್ತು. ನಾನು ಟ್ಯೂಬನ್ನು ದೂರಿದೆ. ಒಂದಾದ ಮೇಲೊಂದರಂತೆ ಮೂರು ಬದಲಾಯಿಸಿದೆ, ಅಡಾಪ್ಟರನ್ನು ಮಾತ್ರ ಹೊರತೆಗೆಯಲಿಲ್ಲ. ಬೇಸತ್ತು ಅರ್ಧ ಬೆಲೆಗೆ ಮಾರಲು ಮುಂದಾದಾಗ, ಕೊಳ್ಳಲು ಬಂದ ಹುಡುಗ ಅಡಾಪ್ಟರ್ ಕೇಳಿ ಪಡೆದು, ಅದನ್ನೇ ಸಿಕ್ಕಿಸಿ ಒಂದು ಇ ಕಾರ್ಡ್ ಬಾರಿಸಿದ. ಆ ತುಂಬು ನಾದ ಕೋಣೆಯಲ್ಲಿ ನಿಂತೇ ಇತ್ತು. ಮಾತು ಕೊಟ್ಟಾಗಿತ್ತು, ಹಣ ಎಣಿಸಿಕೊಂಡೆ.

ಆದ್ದರಿಂದ ಗೇನ್ ಎಷ್ಟು ಎಂಬ ಪ್ರಶ್ನೆಯೇ ನನಗೆ ಒಪ್ಪಿಗೆಯಿಲ್ಲ. ಒಂದು ಹಂತ ದಾಟಿದ ಗೇನ್ ಗುಂಯ್ ಎನ್ನುವ ಸದ್ದನ್ನು ಹೆಚ್ಚಿಸಿ ತಂತಿ ಮೀಟಿದ ಪೆಟ್ಟನ್ನು ನುಂಗುತ್ತದೆ, ಅಷ್ಟೆ. ಟ್ಯೂಬಿಗೆ ಎಷ್ಟು ವೋಲ್ಟ್ ಸಿಗುತ್ತದೆಂದು ಕೇಳಿ. ಬ್ಲ್ಯಾಕ್‌ಸ್ಟಾರ್‌ನವರು ಎಚ್‌ಟಿ ಸರಣಿಯಲ್ಲಿ ಅದನ್ನು 300 ವೋಲ್ಟ್‌ನಲ್ಲಿ ಓಡಿಸುತ್ತಾರೆ. ಮೆಟಲ್ ಸಂಗೀತ ನುಡಿಸುವುದಾದರೆ ನನ್ನ ಮತ ಅದಕ್ಕೇ. ಟ್ಯೂಬ್ ಡ್ರೈವರ್‌ನಲ್ಲಿ ಆಪ್-ಆಂಪ್ (ಸಿಗ್ನಲ್ ಹಿಗ್ಗಿಸುವ ಚಿಪ್) ಮುಂದಿದ್ದು ಟ್ಯೂಬ್ ಕಡಿಮೆ ವೋಲ್ಟೇಜಿನಲ್ಲಿ ಕೆಲಸ ಮಾಡುತ್ತದೆ. ಹಾಗೆಂದು ಅದು ಕಳಪೆಯಲ್ಲ, ಪಿಂಕ್ ಫ್ಲಾಯ್ಡ್‌ನ ಗಿಟಾರ್ ವಾದಕ ಡೇವಿಡ್ ಗಿಲ್ಮೋರ್ ಅದನ್ನೇ ಬಳಸಿದವರು. ಆದರೆ ಅದು ಸ್ವರವನ್ನು ಎಳೆದು ಹಾಡಿಸುವ ಲೀಡ್ ವಾದನಕ್ಕೆ ಹೊಂದುವ ಪೆಡಲ್. ಅದರ ಕರೆಂಟಿನ ತಂತಿ ನೇರ ಗೋಡೆಯ ಪ್ಲಗ್ಗಿಗೇ ಹೋಗುವುದರಿಂದ, ಅಮೆರಿಕದ 120 ವೋಲ್ಟ್‌ನದನ್ನು ಅಗ್ಗಕ್ಕೆ ತರಿಸಿ ನಮ್ಮ 230ಕ್ಕೆ ಸಿಕ್ಕಿಸಿಬಿಡಬೇಡಿ.

ನಿಮ್ಮ ಆಂಪ್‌ನಲ್ಲೇ ಒಳ್ಳೆಯ ಡ್ರೈವ್ ಚಾನೆಲ್ (ನಾದವನ್ನು ಗಡುಸಾಗಿಸುವ ಭಾಗ) ಇದ್ದರೆ ಎರಡೂ ಬೇಡ. ಹೆಸರಿನಲ್ಲಿ ಮಾತ್ರ ಟ್ಯೂಬ್ ಇರುವ ಟ್ಯೂಬ್ ಸ್ಕ್ರೀಮರ್ ಪೆಡಲನ್ನು ಆಂಪ್‌ನ ಮುಂದಿಟ್ಟು, ಡ್ರೈವ್ ತಗ್ಗಿಸಿ ಲೆವೆಲ್ ಏರಿಸಿ ನೋಡಿ. ನಾನು ಈಗ ನುಡಿಸುತ್ತಿರುವುದು ಹಾಗೆಯೇ.