ನಲವತ್ತು ದಾಟಿದ ಮೇಲೆ ಓಟ ಶುರು ಮಾಡಿದರೆ ಮನೆಯಲ್ಲಿ ಬಿಯರ್ ಮಾಡುವುದನ್ನು ಬಿಡಬೇಕಾ?

ನಿಮ್ಮ ಪ್ರಶ್ನೆಯ ತಿರುಳು ಇಷ್ಟು: ವಯಸ್ಸು 44, ಓರೆಗನ್‌ನ ಹಿಲ್ಸ್‌ಬರೋದಲ್ಲಿ ಕೆಲಸ, ಕೆಲವು ವರ್ಷಗಳಿಂದ ಗ್ಯಾರೇಜಿನಲ್ಲಿ ಬಿಯರ್ ಮಾಡುತ್ತಿದ್ದೀರಿ. ಹೊಟ್ಟೆ ಮುಂದೆ ಬಂದಿದೆ, ಡಾಕ್ಟರು ವ್ಯಾಯಾಮ ಮಾಡಿ ಅಂದಿದ್ದಾರೆ, ಓಟಕ್ಕೆ ಇಳಿಯಬೇಕು ಅಂತ ಮನಸ್ಸಾಗಿದೆ. ಮನೆಯವರು ಮಾತ್ರ ಮೊದಲು ಆ ಪಾತ್ರೆ, ಡ್ರಮ್ಮುಗಳನ್ನೆಲ್ಲ ಹೊರಗೆ ಹಾಕಿ ಅನ್ನುತ್ತಿದ್ದಾರೆ. ಎರಡೂ ಒಟ್ಟಿಗೆ ಸಾಗುತ್ತವಾ ಅಂತ ಕೇಳಿದ್ದೀರಿ.

ಸಾಗುತ್ತವೆ. ನಾನು ನಿಮ್ಮ ಪಕ್ಕದ ಬೀವರ್ಟನ್‌ನವನು, ನಲವತ್ತೈದರ ಆಸುಪಾಸಿನಲ್ಲಿ ಓಡಲು ಶುರು ಮಾಡಿದವನು, ಇವತ್ತಿಗೂ ಬಿಯರ್ ಮಾಡುತ್ತೇನೆ. ಆದರೆ ಪಾತ್ರೆ ಚಿಕ್ಕದಾಗಬೇಕು. ನನ್ನ ಉತ್ತರದ ಮುಖ್ಯ ಮಾತೇ ಅದು.

ಲೆಕ್ಕ ನೋಡಿ. ಶೇಕಡಾ 5ರ ಬಿಯರಿನ 355 ಮಿಲಿ ಬಾಟಲಿಯಲ್ಲಿ ಸುಮಾರು 150 ಕ್ಯಾಲೊರಿ ಇರುತ್ತದೆ. ಓಡುವಾಗ ಖರ್ಚಾಗುವುದು, ಅಂದಾಜಿಗೆ, ಒಂದು ಕಿಲೋಮೀಟರಿಗೆ ದೇಹತೂಕದ ಪ್ರತಿ ಕೆಜಿಗೆ ಒಂದು ಕ್ಯಾಲೊರಿ. 75 ಕೆಜಿಯ ಮನುಷ್ಯ ಒಂದು ಬಾಟಲಿಗೆ 2 ಕಿಲೋಮೀಟರ್ ಓಡಬೇಕು. ಇಲ್ಲಿ ಎಲ್ಲರೂ ಮಾಡುವ ಅಳತೆ 5 ಗ್ಯಾಲನ್, ಅಂದರೆ 19 ಲೀಟರ್. ಅದರಿಂದ 50 ಬಾಟಲಿ ಬರುತ್ತದೆ. ಅಷ್ಟನ್ನೂ ಒಬ್ಬರೇ ಕುಡಿದರೆ 7,500 ಕ್ಯಾಲೊರಿ, 100 ಕಿಲೋಮೀಟರ್ ಓಟ. ಹೊಸದಾಗಿ ಓಡುವವರಿಗೆ ವಾರಕ್ಕೆ 10 ಕಿಲೋಮೀಟರ್ ಆದರೆ ಅದೇ ದೊಡ್ಡದು, ಹಾಗಾಗಿ ಒಂದು ಸಲ ಮಾಡಿದ್ದನ್ನು ಕರಗಿಸಲು ಹತ್ತು ವಾರ ಬೇಕು. ಅಷ್ಟರೊಳಗೆ ನೀವು ಇನ್ನೆರಡು ಸಲ ಮಾಡಿರುತ್ತೀರಿ. ಓಡಿ ಕರಗಿಸುತ್ತೇನೆ, ಆಮೇಲೆ ಕುಡಿಯುತ್ತೇನೆ ಅನ್ನುವ ಯೋಜನೆ ಇದ್ದರೆ ಈಗಲೇ ಬಿಡಿ. ಅದು ಕೂಡಿಬರುವ ಲೆಕ್ಕವೇ ಅಲ್ಲ.

ನಿಜವಾಗಿ ನಮಗೆ ಖುಷಿ ಕೊಡುವುದು ಯಾವುದು ಅಂತ ಒಂದು ಸಲ ಯೋಚಿಸಿ. ಮಾಲ್ಟಿನ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ) ವಾಸನೆ, ಥರ್ಮಾಮೀಟರ್ ಹಿಡಿದು ನಿಲ್ಲುವುದು, ಹಾಪ್ಸ್ (ಬಿಯರಿಗೆ ಕಹಿ, ಪರಿಮಳ ಕೊಡುವ ಹೂವು) ಯಾವ ನಿಮಿಷಕ್ಕೆ ಹಾಕಲಿ ಅನ್ನುವ ಚರ್ಚೆ, ಮರುದಿನ ಬೆಳಗ್ಗೆ ಏರ್‌ಲಾಕಿನಲ್ಲಿ (ಹುದುಗುವಾಗ ಗಾಳಿ ಹೊರಬಿಡುವ ಬಿರಡೆಯಲ್ಲಿ) ಗುಳುಗುಳು ಶುರುವಾಯಿತಾ ಅಂತ ಗ್ಯಾರೇಜಿಗೆ ಓಡುವುದು. ಇದೆಲ್ಲ 19 ಲೀಟರಿಗೂ ಅಷ್ಟೇ, 4 ಲೀಟರಿಗೂ ಅಷ್ಟೇ. 4 ಲೀಟರ್ ಅಂದರೆ ಸುಮಾರು ಹತ್ತು ಬಾಟಲಿ. ಅದರಲ್ಲಿ ಅರ್ಧ ಗೆಳೆಯರ ಮನೆಗೆ ಹೋದರೆ ಉಳಿಯುವುದು ಐದೋ ಆರೋ. ಅಡುಗೆಮನೆಯ ಸ್ಟೌ ಮೇಲೇ ಆಗುತ್ತದೆ, ಭಾರ ಎತ್ತಿ ಸೊಂಟ ಹಿಡಿಸಿಕೊಳ್ಳುವ ಪ್ರಮೇಯವಿಲ್ಲ, ವರ್ಷಕ್ಕೆ ಹೆಚ್ಚು ಸಲ ಹೊಸ ಹೊಸ ಪ್ರಯೋಗ ಮಾಡಬಹುದು.

ಎರಡನೆಯದು, ಬಿಯರಿನ ಆಲ್ಕೋಹಾಲ್ ಕಡಿಮೆ ಮಾಡಿ. ಓಟ ಶುರುವಾದ ಮೇಲೆ ನಾನು ಹೆಚ್ಚಾಗಿ ಶೇಕಡಾ 3ರ ಸುತ್ತಮುತ್ತಲಿನ ಬಿಯರನ್ನೇ ಮಾಡುತ್ತೇನೆ. ಇದರಲ್ಲಿ ಕೈಚಳಕ ಹೆಚ್ಚು ಬೇಕು. ಗಟ್ಟಿ ಬಿಯರಿನಲ್ಲಿ ಆಲ್ಕೋಹಾಲೂ ಹಾಪ್ಸೂ ಮುಚ್ಚಿಬಿಡುವ ತಪ್ಪುಗಳು ತೆಳು ಬಿಯರಿನಲ್ಲಿ ನಾಲಿಗೆಗೆ ನೇರ ಸಿಗುತ್ತವೆ. ನೀರಾಗಬಾರದು, ಬಾಯಿಗೆ ತುಂಬಿಕೊಳ್ಳಬೇಕು, ಅದೇ ಸವಾಲು. ನನಗೆ ಅದಕ್ಕೆ ಸಿಕ್ಕ ಉತ್ತರ ರಾಗಿ.

4 ಲೀಟರಿಗೆ ಅರ್ಧ ಕೆಜಿ ಪೇಲ್ ಮಾಲ್ಟ್, 150 ಗ್ರಾಂ ರಾಗಿಹಿಟ್ಟು. ರಾಗಿಯ ಪಿಷ್ಟ ಬಾರ್ಲಿಯಷ್ಟು ಸುಲಭವಾಗಿ ಬೇಯುವುದಿಲ್ಲ, ಅದಕ್ಕೆ ಮೊದಲು ರಾಗಿಹಿಟ್ಟನ್ನು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ, ತಳ ಹಿಡಿಯದಂತೆ ತಿರುವುತ್ತ ಹತ್ತು ನಿಮಿಷ ಕುದಿಸಿ. ಮನೆಯಲ್ಲಿ ಅಂಬಲಿ ಕಾಯಿಸಿದವರಿಗೆ ಹೇಳಿಕೊಡಬೇಕಿಲ್ಲ. ಅದನ್ನು ಉಳಿದ ಬಿಸಿನೀರಿಗೆ ಬೆರೆಸಿ, ಬಟ್ಟೆಚೀಲದಲ್ಲಿ ಮಾಲ್ಟ್ ಇಳಿಬಿಟ್ಟು, 68 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಗಂಟೆ ಇಡಿ. ಬೆಂದ ರಾಗಿಯನ್ನು ಸಿಹಿಯಾಗಿ ಒಡೆಯುವ ಕೆಲಸವನ್ನು ಬಾರ್ಲಿ ಮಾಲ್ಟಿನ ಕಿಣ್ವಗಳೇ ಮಾಡುತ್ತವೆ. ಮೊದಲು ಲೋಳೆಯಂತೆ ಕಾಣುವ ದ್ರಾವಣ ಕಾಲು ಗಂಟೆಯಲ್ಲಿ ಸೌಟಿನಿಂದ ಸರಾಗವಾಗಿ ಇಳಿಯುವಷ್ಟು ತೆಳ್ಳಗಾಗುತ್ತದೆ. ಆ ಬದಲಾವಣೆ ಕಣ್ಣೆದುರೇ ಆಗುವುದನ್ನು ನೋಡುವುದೇ ಒಂದು ಸುಖ. ಚೀಲ ತೆಗೆದು ನಿಧಾನವಾಗಿ ಹಿಂಡಿ, ಒಂದು ಗಂಟೆ ಕುದಿಸಿ. ಶುರುವಿಗೆ 6 ಗ್ರಾಂ, ಕೊನೆಗೆ 4 ಗ್ರಾಂ ವಿಲಾಮೆಟ್ ಹಾಪ್ಸ್ ಸಾಕು. ತಣಿಸಿ, ಯೀಸ್ಟ್ ಹಾಕಿ ಹುದುಗಲು ಬಿಡಿ. ಹೈಡ್ರೋಮೀಟರ್ (ದ್ರವದ ಸಾಂದ್ರತೆ ಅಳೆಯುವ ಕೊಳವೆ) ಹುದುಗುವ ಮೊದಲು 1.032ರ ಹತ್ತಿರ ಶುರುವಾಗಿ ಹುದುಗಿದ ಮೇಲೆ 1.008ರ ಹತ್ತಿರ ನಿಂತರೆ ಆಲ್ಕೋಹಾಲ್ ಶೇಕಡಾ 3ರ ಸ್ವಲ್ಪ ಮೇಲೆ ಬರುತ್ತದೆ.

ಆ ಒಂದು ಗಂಟೆ ಇದೆಯಲ್ಲ, ಮಾಲ್ಟ್ ಬಿಸಿನೀರಿನಲ್ಲಿ ನೆನೆಯುವ ಗಂಟೆ, ಅದೇ ನನ್ನ ಓಟದ ಸಮಯ. ಒಲೆ ಪೂರ್ತಿ ಆರಿಸಿ, ಪಾತ್ರೆಗೆ ಮುಚ್ಚಳ ಹಾಕಿ, ಹಳೆಯ ಕಂಬಳಿ ಬಿಗಿಯಾಗಿ ಸುತ್ತಿ, ಫ್ಯಾನೋ ಕ್ರೀಕ್ ಟ್ರೇಲಿನಲ್ಲಿ ಅರ್ಧ ಗಂಟೆ ಓಡಿ ಬರುತ್ತೇನೆ. ಹಿಂತಿರುಗಿದಾಗ 68 ಇದ್ದದ್ದು 66ಕ್ಕೆ ಇಳಿದಿರುತ್ತದೆ, ಏನೂ ಕೆಡುವುದಿಲ್ಲ. ಕುದಿಯುವ ಹೊತ್ತಿನಲ್ಲಿ ಮಾತ್ರ ಬಾಗಿಲು ದಾಟಬಾರದು. ಉಕ್ಕಿದರೆ ಒಲೆಯೂ ನೆಲವೂ ಒಂದೇ.

ಈಗ ಓಟದ ವಿಷಯ. ನಾವಿಬ್ಬರೂ ಇರುವ ಜಾಗಕ್ಕೂ ನಡುವಯಸ್ಸಿನವರ ಓಟಕ್ಕೂ ದೊಡ್ಡ ನಂಟಿದೆ. ಯೂಜೀನ್‌ನಲ್ಲಿ ಓರೆಗನ್ ವಿಶ್ವವಿದ್ಯಾಲಯದ ಕೋಚ್ ಆಗಿದ್ದ ಬಿಲ್ ಬೋವರ್‌ಮನ್ 1962ರ ಕೊನೆಗೆ ನ್ಯೂಜಿಲೆಂಡಿಗೆ ಹೋಗಿ ಅಲ್ಲಿನ ಕೋಚ್ ಆರ್ಥರ್ ಲಿಡಿಯಾರ್ಡ್ ಜೊತೆ ಉಳಿದರು. ಬೋವರ್‌ಮನ್‌ಗೆ ಆಗ 51 ದಾಟಿತ್ತು. ಅಲ್ಲಿ ಗುಂಪಿನೊಂದಿಗೆ ನಿಧಾನ ಓಟಕ್ಕೆ ಇಳಿದಾಗ, ಎಪ್ಪತ್ತು ದಾಟಿದ, ಹೃದಯಾಘಾತವಾಗಿ ಚೇತರಿಸಿಕೊಂಡಿದ್ದ ಒಬ್ಬರು ಇವರಿಗಾಗಿ ವೇಗ ತಗ್ಗಿಸಿ ಜೊತೆ ಕೊಡಬೇಕಾಯಿತು. ಊರಿಗೆ ಮರಳಿದ ಬೋವರ್‌ಮನ್ ಯೂಜೀನ್‌ನ ಸಾಮಾನ್ಯ ಜನರಿಗೆ, ನಡುವಯಸ್ಸಿನ ಗಂಡಸರು ಹೆಂಗಸರಿಗೆ ಜಾಗಿಂಗ್ ತರಗತಿ ಶುರು ಮಾಡಿದರು. ಮುಂದೆ ನೈಕಿ ಕಂಪನಿಯ ಸ್ಥಾಪಕರಲ್ಲಿ ಒಬ್ಬರಾದವರೂ ಇವರೇ. ಅವರು ಹೇಳುತ್ತಿದ್ದ ಅಳತೆ ಇಂದಿಗೂ ಸಾಕು: ಓಡುತ್ತಲೇ ಪಕ್ಕದವರ ಜೊತೆ ಮಾತಾಡಲು ಆಗಬೇಕು. ಒಂದು ಪೂರ್ತಿ ವಾಕ್ಯ ಏದುಸಿರಿಲ್ಲದೆ ಬರದಿದ್ದರೆ ನಿಧಾನ ಮಾಡಿ, ಬೇಕಾದರೆ ನಡೆಯಿರಿ.

ಮೊದಲ ವಾರಗಳಲ್ಲಿ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ಹೀಗೆ ಇಪ್ಪತ್ತೈದು ನಿಮಿಷ, ವಾರಕ್ಕೆ ಮೂರು ದಿನ, ನಡುವೆ ಒಂದೊಂದು ದಿನ ಬಿಡುವು. ಉಸಿರು ಬೇಗ ಹದಕ್ಕೆ ಬರುತ್ತದೆ, ಹಿಮ್ಮಡಿಯ ಮೇಲಿನ ಸ್ನಾಯುರಜ್ಜು ಮತ್ತು ಮೀನಖಂಡ ಹದಕ್ಕೆ ಬರಲು ತಿಂಗಳುಗಳೇ ಬೇಕು. ನಮ್ಮ ವಯಸ್ಸಿನವರು ಪೆಟ್ಟು ತಿನ್ನುವುದು ಈ ಅಂತರದಲ್ಲೇ: ಎದೆ ಓಡು ಅನ್ನುತ್ತದೆ, ಕಾಲು ಇನ್ನೂ ಒಪ್ಪಿರುವುದಿಲ್ಲ. ಶನಿವಾರ ಬಿಡುವಿದ್ದರೆ ಪೋರ್ಟ್‌ಲ್ಯಾಂಡಿನ ಫಾರೆಸ್ಟ್ ಪಾರ್ಕಿಗೆ ಹೋಗಿ. ಥರ್ಮನ್ ಸ್ಟ್ರೀಟ್ ಮುಗಿಯುವಲ್ಲಿ ಲೀಫ್ ಎರಿಕ್ಸನ್ ಡ್ರೈವ್ ಶುರುವಾಗುತ್ತದೆ. ಕಾರುಗಳಿಲ್ಲ, ಕಾಲು ಕಾಲು ಮೈಲಿಗೆ ಗುರುತಿನ ಕಂಬವಿದೆ. ಒಂದು ಕಂಬ ಓಟ, ಒಂದು ಕಂಬ ನಡಿಗೆ ಅಂತ ಮುಂದೆ ಹೋಗಬಹುದು. ಡಿಸೆಂಬರಿನಲ್ಲಿ ಇಲ್ಲಿ ನಾಲ್ಕೂವರೆಗೇ ಸೂರ್ಯ ಮುಳುಗುತ್ತಾನೆ, ಮೇಲೆ ಮಳೆ. ಹೊಳೆಯುವ ಪಟ್ಟಿಯ ಜಾಕೆಟ್ಟಿಗೆ ದುಡ್ಡು ಹಾಕಿ.

ಶುರು ಮಾಡುವ ಮೊದಲು ಹೃದಯದ ತಪಾಸಣೆ ಮಾಡಿಸಿಕೊಳ್ಳಿ ಅಂತ ಕೈಮುಗಿದು ಕೇಳುತ್ತೇನೆ. ನಮ್ಮ ಕಡೆಯವರಿಗೆ ಹೃದಯದ ಕಾಯಿಲೆ ಬೇರೆಯವರಿಗಿಂತ ಬೇಗ ಬರುತ್ತದೆ. ಬಿಪಿ ಅಥವಾ ಸಕ್ಕರೆಯ ಮಾತ್ರೆ ಇದ್ದರೆ ಓಟದ ಬಗ್ಗೆಯೂ ಬಿಯರಿನ ಬಗ್ಗೆಯೂ ಡಾಕ್ಟರ ಹತ್ತಿರ ಮುಚ್ಚುಮರೆಯಿಲ್ಲದೆ ಹೇಳಿ. ಆಲ್ಕೋಹಾಲ್ ಎಷ್ಟು ಕಡಿಮೆಯಾದರೂ ಪೂರ್ತಿ ನಿರಪಾಯ ಅನ್ನಲಾಗದು ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಡಾಕ್ಟರು ಬೇಡವೇ ಬೇಡ ಅಂದರೆ ನನ್ನ ಉತ್ತರವನ್ನು ಪಕ್ಕಕ್ಕಿಡಿ.

ಕುಡಿಯುವ ವೇಳೆಯ ಬಗ್ಗೆ ನಾನು ಪಾಲಿಸುವುದು ಹೇಳುತ್ತೇನೆ. ಉದ್ದ ಓಟದ ಹಿಂದಿನ ರಾತ್ರಿ ಒಂದು ತೊಟ್ಟೂ ಇಲ್ಲ. ಬಿಯರ್ ಬೇಗ ನಿದ್ದೆ ಹತ್ತಿಸುತ್ತದೆ, ಆದರೆ ರಾತ್ರಿಯ ಎರಡನೇ ಅರ್ಧದ ನಿದ್ದೆಯನ್ನು ಕೆಡಿಸುತ್ತದೆ, ಬೆಳಗ್ಗೆ ಕಾಲು ಭಾರ. ಓಡಿ ಬಂದ ಕೂಡಲೇ ಕೂಡ ಬೇಡ, ಮೈಯ ನೀರು ಇನ್ನಷ್ಟು ಹೋಗುತ್ತದೆ. ಮೊದಲು ಉಪ್ಪು ಹಾಕಿದ ಮಜ್ಜಿಗೆ, ಹೊಟ್ಟೆ ತುಂಬ ಮೊಸರನ್ನ. ಸಂಜೆ ಗೆಳೆಯರು ಬಂದರೆ ಒಂದು ಲೋಟ. ವಾರದ ದಿನಗಳಲ್ಲಿ ಫ್ರಿಜ್ಜಿನಲ್ಲಿ ಬಾಟಲಿಯನ್ನೇ ಇಡುವುದಿಲ್ಲ, ಗ್ಯಾರೇಜಿನ ಕಪಾಟಿನಲ್ಲೇ ಇರುತ್ತವೆ. ತಣ್ಣಗಿಲ್ಲದ ಬಿಯರ್ ತೆರೆಯಲು ಮನಸ್ಸು ಬರುವುದಿಲ್ಲ, ಅಷ್ಟು ಸಾಕು.

ಕಾನೂನಿನ ಬಗ್ಗೆಯೂ ಒಂದು ಮಾತು, ಏಕೆಂದರೆ ಇದನ್ನು ಊರಿನಲ್ಲಿರುವವರೂ ಓದುತ್ತಾರೆ. ಅಮೆರಿಕದಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ 1978ರಲ್ಲಿ ಸಹಿ ಹಾಕಿದ ಕಾಯ್ದೆಯಿಂದ ಮನೆಬಳಕೆಯ ಬಿಯರಿಗೆ ತೆರಿಗೆ ವಿನಾಯಿತಿ ಸಿಕ್ಕಿತು: ವಯಸ್ಕರೊಬ್ಬರೇ ಇರುವ ಮನೆಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚಿದ್ದರೆ 200. ಮಾರುವಂತಿಲ್ಲ. ಕರ್ನಾಟಕದಲ್ಲಿ ಹಾಗಿಲ್ಲ. 1965ರ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ, ಮೇಲಿನ ರಾಗಿ ಬಿಯರ್ ಕೂಡ ಅದರಲ್ಲೇ ಬರುತ್ತದೆ. ರಜೆಗೆ ಹೋದಾಗ ಅಪ್ಪ ಅಮ್ಮನ ಮನೆಯಲ್ಲಿ ಮಾಡಿ ತೋರಿಸುವ ಆಸೆ ಇದ್ದರೆ ದಯವಿಟ್ಟು ಬೇಡ.