ಮಾತು ನಿಂತಿದೆ, ಸರಳೆ ಮಾತ್ರ ಬರುತ್ತಿದೆ: ಏನು ಮಾಡಲಿ?

ಇದು ಬಹುಶಃ ಅಫೇಸಿಯಾ, ಅಂದರೆ ಮೆದುಳಿಗೆ ಪೆಟ್ಟಾಗಿ ಮಾತು ಕೈಕೊಡುವುದು. ನಲವತ್ತು ವರ್ಷ ಪಿಟೀಲು ನುಡಿಸಿದ ನಿಮ್ಮ ಅಪ್ಪನಿಗೆ ಸ್ಟ್ರೋಕ್ ಆದ ಮೇಲೆ ‘ನೀರು’ ಅನ್ನೋಕೂ ಆಗುತ್ತಿಲ್ಲ, ಆದರೆ ಸಂಗೀತದ ಮೊದಲ ಪಾಠವಾದ ಸರಳೆ ವರಸೆ ಸಲೀಸಾಗಿ ಹಾಡುತ್ತಾರೆ ಅಂದಿರಲ್ವಾ? ಹೆಚ್ಚಿನವರಿಗೆ ಮಾತಿನ ಜಾಗ ಮೆದುಳಿನ ಎಡಭಾಗದಲ್ಲಿರುತ್ತದೆ. ಹಾಡಿಗೆ ಬಲಭಾಗವೂ ಜೊತೆ ಕೊಡುತ್ತದೆ. ಬುದ್ಧಿ ಮಂಕಾಗಿದೆ ಅಂತ ದಯವಿಟ್ಟು ಅಂದುಕೊಳ್ಳಬೇಡಿ.

ನೀವು ಮೈಸೂರಿನಲ್ಲೇ ಇದ್ದೀರಿ. ಮೊದಲು ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋಗಿ. ಡಿಸ್ಚಾರ್ಜ್ ಸಮ್ಮರಿ, ಸ್ಕ್ಯಾನ್ ರಿಪೋರ್ಟ್ ಜೊತೆಗಿರಲಿ. ಮೆಲೋಡಿಕ್ ಇಂಟೊನೇಷನ್ ಥೆರಪಿ, ಅಂದರೆ ಹಾಡಿನ ಧಾಟಿಯಲ್ಲಿ ಮಾತು ಆಡಿಸುವ ಚಿಕಿತ್ಸೆ, ಇವರಿಗೆ ಹೊಂದುತ್ತದಾ ಅಂತ ಕೇಳಿ. ತಡ ಬೇಡ, ಮೊದಲ ಕೆಲವು ತಿಂಗಳಲ್ಲೇ ಚೇತರಿಕೆ ಜಾಸ್ತಿ.

ಆಮೇಲೆ ಅಲ್ಲಿನ ಥೆರಪಿಸ್ಟ್ ಹತ್ತಿರ ಕೇಳಿಕೊಂಡು ಮನೆಯಲ್ಲಿ ಅಭ್ಯಾಸ ಮಾಡಿಸಿ. ನಮ್ಮ ಅತ್ತೆಗೆ ನಾವು ಮಾಡಿಸಿದ್ದು ಹೀಗೆ: ‘ಕಾ-ಪಿ ಬೇ-ಕು’ ಅಂತ ಎರಡೇ ಸ್ವರದಲ್ಲಿ ನಿಧಾನ ಹಾಡುವುದು, ಒಂದೊಂದು ಅಕ್ಷರಕ್ಕೂ ಅವರ ಎಡಗೈಯಿಂದ ತೊಡೆ ತಟ್ಟಿಸುವುದು. ಮೊದಲು ನೀವೊಬ್ಬರೇ, ಆಮೇಲೆ ಇಬ್ಬರೂ, ಕೊನೆಗೆ ನೀವು ಅರ್ಧಕ್ಕೆ ನಿಲ್ಲಿಸಿ. ಒಂದು ಬೆಳಗ್ಗೆ ನಾನು ‘ಕಾ’ ಅಂದು ನಿಲ್ಲಿಸಿದಾಗ ಅತ್ತೆ ‘ಪಿ’ ಅಂದರು. ಲೋಟ ಹಿಡಿದಿದ್ದ ನನ್ನ ಕೈ ನಡುಗಿತು. ಹತ್ತು ನಿಮಿಷ ಸಾಕು. ಸುಸ್ತಾದರೆ ಬಿಟ್ಟುಬಿಡಿ.

ಪಿಟೀಲನ್ನು ಪೆಟ್ಟಿಗೆಯಲ್ಲೇ ಮುಚ್ಚಿಡಬೇಡಿ. ಬಲಗೈ ಸೋತಿದ್ದರೆ ಕಮಾನು ಸದ್ಯಕ್ಕೆ ಬೇಡ. ತೊಡೆ ಮೇಲಿಟ್ಟು ಎಡಗೈ ಬೆರಳಲ್ಲಿ ತಂತಿ ಮೀಟಲಿ. ಶ್ರುತಿ ಮಾತ್ರ ಸರಿಯಾಗಿರಲಿ, ಅಪಶ್ರುತಿ ಅವರಿಗೆ ತಕ್ಷಣ ಗೊತ್ತಾಗುತ್ತದೆ.

ಮಾತು ಎಷ್ಟು ವಾಪಸ್ ಬರುತ್ತದೆ ಅಂತ ಈಗಲೇ ಹೇಳೋಕಾಗಲ್ಲ, ಒಬ್ಬೊಬ್ಬರಿಗೆ ಒಂದೊಂದು ಥರ. ಮುಖ ಸೊಟ್ಟಗಾದರೆ, ಕೈಕಾಲು ಹೊಸದಾಗಿ ಸೋತರೆ ಮಾತ್ರ ಕಾಯದೆ 108ಕ್ಕೆ ಫೋನ್ ಮಾಡಿ.